ಹೋಗದ ಊರುಗಳ ಪುಟಗಳು

ಅಪ್ಪ ಎರಡನೇ ಸಲ ಗಲ್ಫಿಗೆ ಹೊರಟಾಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಬಿ.ಸಿ.ರೋಡ್ ಬಸ್‌ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯಲ್ಲಿ ಅಮ್ಮ, ನಾನು, ಹಾಸಿಗೆ ಹಿಡಿದಿದ್ದ ಅಜ್ಜಿ ಉಳಿದೆವು. ಅಪ್ಪ ಸಣ್ಣ ಪ್ರಾಯದಲ್ಲೇ ಮುಂಬೈಯ ಹೋಟೆಲು ಸೇರಿ, ಅಲ್ಲಿಂದಲೇ ವಿಮಾನ ಹತ್ತಿದವರು. ನಮ್ಮ ಸುತ್ತಲಿನ ಊರುಗಳನ್ನು ಅವರು ನೋಡಿದ್ದೇ ಕಡಿಮೆ. ಹೊರಡುವ ದಿನ ನನಗೊಂದು ದಪ್ಪ ಡ್ರಾಯಿಂಗ್ ಪುಸ್ತಕ ಕೊಟ್ಟು ಹೇಳಿದರು:

"ರಜೆಯಲ್ಲಿ ಅಮ್ಮನೊಟ್ಟಿಗೆ ಅಲ್ಲಿ ಇಲ್ಲಿ ಹೋಗಿ ಬಾ ಮಗಾ. ನೋಡಿದ್ದನ್ನು ಬರೆದು, ಚಿತ್ರ ಅಂಟಿಸಿ ಕಳಿಸು. ನಾನು ಅಲ್ಲಿ ಕೂತು ನೋಡ್ತೇನೆ."

ಆದರೆ ಅಪ್ಪ ಹೋದ ಮೇಲೆ ಅಜ್ಜಿಯ ಸ್ಥಿತಿ ಇನ್ನೂ ಕೆಟ್ಟು, ಅವರನ್ನು ಒಂದು ಗಂಟೆ ಬಿಟ್ಟಿರುವಂತಿರಲಿಲ್ಲ; ಅದನ್ನು ಅಮ್ಮ ಅಪ್ಪನಿಗೆ ಬರೆಯಲಿಲ್ಲ. ದಸರಾ ರಜೆ ಮುಗಿಯಿತು, ಕ್ರಿಸ್‌ಮಸ್ ರಜೆಯೂ ಕಳೆಯಿತು. ಅಪ್ಪನ ಕಾಗದ ಬಂತು. 'ಇನ್ನೂ ಎಲ್ಲಿಗೂ ಹೋಗಲಿಲ್ಲವಾ? ನೀವು ಮನೆಯಲ್ಲೇ ಕೂತರೆ ನಾನು ಇಲ್ಲಿ ಒಬ್ಬನೇ ಇರುವುದು ಯಾಕೆ?' ಅಮ್ಮ ಅದನ್ನು ಎರಡು ಸಲ ಓದಿ, ಮಡಚಿಟ್ಟು ಅಡುಗೆಮನೆಗೆ ಹೋದಳು.

ಆ ಮಧ್ಯಾಹ್ನವೇ ಮೊದಲ ಪುಟ ಮಾಡಿದೆ. ಹಳೆಯ ಕ್ಯಾಲೆಂಡರಿನಲ್ಲಿದ್ದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ಕತ್ತರಿಸಿ ಅನ್ನದ ಅಂಟಿನಲ್ಲಿ ಅಂಟಿಸಿದೆ. ಬಸ್‌ಸ್ಟ್ಯಾಂಡಿನಲ್ಲಿ ಬಿದ್ದಿದ್ದ ಎರಡು ಟಿಕೆಟುಗಳನ್ನು ಒರೆಸಿ ಪಕ್ಕದಲ್ಲಿ ಸೇರಿಸಿದೆ. 'ನಾವು ಕಂಬ ಎಣಿಸಿದೆವು. ಅಮ್ಮನಿಗೆ ಲೆಕ್ಕ ತಪ್ಪಿತು' ಎಂದು ಬರೆಯುತ್ತಿರುವಾಗ ಅಮ್ಮ ಹಿಂದೆ ಬಂದು ನಿಂತಿದ್ದಳು. ಪೆಟ್ಟು ಬೀಳುತ್ತದೆ ಅಂದುಕೊಂಡೆ. ಅವಳು ನಿಂತಲ್ಲೇ ಪೂರ್ತಿ ಓದಿದಳು.

"ನಾನು ಯಾವ ಸೀರೆ ಉಟ್ಟಿದ್ದೆ?"

ನಾನು ತಿರುಗಿ ಅವಳ ಮುಖ ನೋಡಿದೆ.

"ನೀಲಿಯದ್ದು ಅಂತ ಬರಿ. ಅವರೇ ತಂದದ್ದು."

ಮತ್ತೆ ಆ ಬಗ್ಗೆ ನಾವು ಮಾತಾಡಲಿಲ್ಲ.

ಎರಡು ವರ್ಷಗಳಲ್ಲಿ ನಾನು ಬೆಳ್ತಂಗಡಿ ದಾಟಿ ಗಡಾಯಿಕಲ್ಲಿನ ಬಂಡೆಗುಡ್ಡ ಹತ್ತಿದೆ, ಕಾರಿಂಜ ದೇವಸ್ಥಾನದ ಮಂಗಗಳಿಗೆ ಕಡಲೆ ಹಾಕಿದೆ, ವೇಣೂರಿನ ಗೊಮ್ಮಟನನ್ನು ನೋಡಿದೆ. ಎಲ್ಲ ಕಾಗದದ ಮೇಲೆ. ನಿಜವಾಗಿ ಹೋಗಿ ಬಂದ ಕ್ಲಾಸಿನ ಹುಡುಗಿಯರನ್ನು, ಬಸ್ಸು ಎಲ್ಲಿ ನಿಲ್ಲುತ್ತದೆ, ಏನು ತಿಂದಿರಿ ಎಂದು ಕೇಳುತ್ತಿದ್ದೆ. ಅರ್ಧ ಹೇಳಿ ಅವರು ಆಟಕ್ಕೆ ಓಡುತ್ತಿದ್ದರು. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಕೂತು, ಚೀಲ ಹಿಡಿದು ಬಸ್ಸು ಹತ್ತುವ ಸಂಸಾರಗಳನ್ನು ನೋಡಿ ಮನೆಗೆ ಬರುತ್ತಿದ್ದೆ. ಪುಟಗಳಲ್ಲಿ ಅಮ್ಮ, ನಾನು ತುಂಬ ನಗುತ್ತಿದ್ದೆವು. ಮನೆಯಲ್ಲಿ ದಿನಕ್ಕೆ ಹತ್ತು ಮಾತೂ ಆಗುತ್ತಿರಲಿಲ್ಲ. ಗಲ್ಫಿಗೆ ಹೋಗುವ ಯಾರದಾದರೂ ಕೈಯಲ್ಲಿ ಪುಟಗಳು ಅಪ್ಪನನ್ನು ಸೇರುತ್ತಿದ್ದವು.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಆ ಬೇಸಗೆಯಲ್ಲಿ ಅಪ್ಪ ರಜೆಗೆ ಬಂದರು. ಪೆಟ್ಟಿಗೆ ತೆರೆದಾಗ ಬಟ್ಟೆಗಳ ಮೇಲೆಯೇ ನನ್ನ ಪುಟಗಳಿದ್ದವು. ಒಂದೊಂದಕ್ಕೂ ಪ್ಲಾಸ್ಟಿಕ್ ಕವರು.

"ನನ್ನ ರೂಮಿನವರೆಲ್ಲ ನೋಡಿದ್ದಾರೆ ಗೊತ್ತುಂಟಾ? ನಾಳೆ ವೇಣೂರಿಗೆ ಹೋಗುವ. ನೀವು ನೋಡಿದ್ದನ್ನೆಲ್ಲ ನನಗೂ ತೋರಿಸಬೇಕು."

ಬಸ್ಸಿನಲ್ಲಿ ಅಮ್ಮ ಕಿಟಕಿಯ ಕಡೆ ಮುಖ ಮಾಡಿ ಕೂತವಳು ತಿರುಗಲೇ ಇಲ್ಲ. ವೇಣೂರಿನಲ್ಲಿ ಇಳಿದೊಡನೆ ಅಪ್ಪ ಸುತ್ತ ನೋಡಿದರು.

"ಗುಡ್ಡ ಎಲ್ಲಿ ಉಂಟು?"

ಗುಡ್ಡ ಹತ್ತಿ ಸುಸ್ತಾಗಿ ಮಜ್ಜಿಗೆ ಕುಡಿದೆವು ಎಂದು ನಾನು ಬರೆದಿದ್ದೆ. ಪಾಠಪುಸ್ತಕದಲ್ಲಿ ಕಾರ್ಕಳದ ಗೊಮ್ಮಟ ಗುಡ್ಡದ ಮೇಲಿದ್ದ. ಎಲ್ಲ ಗೊಮ್ಮಟರೂ ಹಾಗೇ ಇರುತ್ತಾರೆಂದು ನಂಬಿದ್ದೆ. ಇಲ್ಲಿ ಹೊಳೆಯ ಹತ್ತಿರದ ಸಮತಟ್ಟು ಜಾಗದಲ್ಲಿ, ಗೋಡೆಯ ಮೇಲಿಂದ ಅವನ ತಲೆ, ಭುಜ ಕಾಣುತ್ತಿದ್ದವು. ಅಪ್ಪ ನನ್ನನ್ನು ನೋಡಿದರು. ನಾನು ಅಮ್ಮನ ಕಡೆ ತಿರುಗಿದೆ. ಅಮ್ಮನೇ ಹೇಳಿದಳು:

"ನಾವು ಬಂದಿರಲಿಲ್ಲ."

"ಮತ್ತೆ ಬೇರೆ ಕಡೆಗೆಲ್ಲ?"

"ಎಲ್ಲಿಗೂ ಹೋಗಲಿಲ್ಲ. ಅತ್ತೆಯನ್ನು ಬಿಟ್ಟು ಹೇಗೆ ಹೋಗುವುದು?"

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ಚಪ್ಪಲಿ ಬಿಚ್ಚಿ ಬದಿಗಿಟ್ಟರು.

"ಆ ಮಜ್ಜಿಗೆಯ ವಿಷಯ ನಾನು ಎಷ್ಟು ಸಲ ಓದಿದ್ದೇನೆ ಮಾರಾಯ್ತಿ" ಎಂದರು ಅಮ್ಮನಿಗೆ. ಆಮೇಲೆ, "ಬನ್ನಿ, ಒಳಗೆ ಹೋಗುವ."

ಮೂವರೂ ಗೊಮ್ಮಟನಿಗೆ ಒಂದು ಸುತ್ತು ಬಂದೆವು. ನಾವು ಮೂವರೂ ಒಟ್ಟಿಗೆ ಹೋದ ಮೊದಲ ಊರು ಅದು, ಆದರೂ ಆ ಊರಿನ ಪುಟವನ್ನು ನಾನು ಮಾಡಲಿಲ್ಲ. ರಜೆ ಮುಗಿಸಿ ಹೊರಟಾಗ ಅಪ್ಪ ಹಳೆಯ ಪುಟಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿಕೊಂಡದ್ದನ್ನು ನೋಡಿದೆ. ಹೊಸದು ಕಳಿಸು ಎಂದು ಮಾತ್ರ ಅವರು ಹೇಳಲಿಲ್ಲ.

ಮಳೆ ಬಿಟ್ಟ ಮೇಲೆ ಒಂದು ದಿನ ಅಮ್ಮ, "ಭಾನುವಾರ ಮೂಡುಬಿದಿರೆಗೆ ಹೋಗುವಾ?" ಎಂದು ಕೇಳಿದಳು. ಈಗ ನಮ್ಮನ್ನು ಕಟ್ಟಿಹಾಕುವವರು ಯಾರೂ ಇರಲಿಲ್ಲ. ಅಲ್ಲಿಯೂ ನನ್ನ ಪುಟದಂತೆ ಇರಲಿಕ್ಕಿಲ್ಲ ಎಂಬ ಹೆದರಿಕೆಗೆ ನಾನು ಪರೀಕ್ಷೆ ಉಂಟು ಎಂದೆ. ಅವಳು ಒತ್ತಾಯಿಸಲಿಲ್ಲ. ಆ ಭಾನುವಾರ ನೀಲಿ ಸೀರೆ ಉಟ್ಟು ಒಬ್ಬಳೇ ಹೋಗಿ ಸಂಜೆಯ ಬಸ್ಸಿಗೆ ಬಂದಳು. ಏನು ನೋಡಿದೆ ಎಂದು ನಾನು ಕೇಳಲಿಲ್ಲ. ಅವಳು ಕಾಲು ತೊಳೆದು ಒಲೆ ಹಚ್ಚಿದಳು.