ಬಸ್ಸಿನ ಕಂಬಿಯಲ್ಲಿ ಮಿಡಿದ ನಾಡಿ

ಇಂಥದ್ದನ್ನು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದವಳು ನಾನು. ಈಗ ನೀವು ನಕ್ಕರೂ ನನಗೆ ಬೇಸರವಿಲ್ಲ.

ನನ್ನ ಯಜಮಾನರು ರೈಲ್ವೆಯಿಂದ ನಿವೃತ್ತರಾದ ಮೇಲೂ ನಾವು ಬಂಗಾಳದ ಬೆಹಾಲಾದಲ್ಲೇ ಉಳಿದೆವು. ಅವರಿಗೆ ಹೃದಯದ ತೊಂದರೆ. ಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ ನುಂಗುತ್ತಿದ್ದರು. ದಿನಾ ಬೆಳಿಗ್ಗೆ ಅವರ ಎಡಗೈ ಹಿಡಿದು ನಾಡಿ ನೋಡುವುದು ನನ್ನ ಕೆಲಸ. ಆಗಾಗ ಒಂದು ಬಡಿತ ತಪ್ಪಿ, ಮುಂದಿನದು ಜೋರಾಗಿ ಬರುತ್ತಿತ್ತು.

ಹಿಮ ನೋಡಬೇಕೆಂಬುದು ಅವರ ಬಹುಕಾಲದ ಆಸೆ. ಅದೇ ನಗರದ ಬಾಲಿಗಂಜ್‌ನಲ್ಲಿ ಹೋಟೆಲು ನಡೆಸುವ ಉಡುಪಿಯ ಭಟ್ಟರು ಸಿಕ್ಕಿಮ್‌ಗೆ ಹೊರಟಾಗ ಇವರೂ ಸಿದ್ಧರಾದರು. ವೈದ್ಯರು ತಡೆದರು. ಗಾಳಿ ತೆಳುವಾದಲ್ಲಿ ಹೃದಯ ವೇಗವಾಗಿ ಬಡಿಯಬೇಕು, ಈ ಮಾತ್ರೆ ಅದಕ್ಕೆ ಬಿಡುವುದಿಲ್ಲ. ಎತ್ತರದಲ್ಲಿ ದೇಹ ಔಷಧವನ್ನು ಅರಗಿಸಿಕೊಳ್ಳುವ ರೀತಿಯೂ ಬದಲಾಗಬಹುದು, ಯಾರಲ್ಲಿ ಎಷ್ಟೆಂದು ಹೇಳಲಾಗದು, ಪರೀಕ್ಷೆ ಮಾಡಿಸುವವರೆಗೆ ಕಾಯಿರಿ ಎಂದರು. ಇವರು ಕೇಳಲಿಲ್ಲ.

"ನಾನು ಬೆಟ್ಟದ ಮೇಲಿದೀನೋ ಬೆಹಾಲಾದಲ್ಲಿದೀನೋ, ಮಾತ್ರೆಗೇನು ಗೊತ್ತಾಗುತ್ತೆ ಕಣೇ?" ಎಂದು ನಕ್ಕುಬಿಟ್ಟರು.

ಸಿಕ್ಕಿಮ್‌ನಲ್ಲಿ ಅವರು ಬೆಟ್ಟದ ಮೇಲಿನ ಸರೋವರಕ್ಕೆ ಹೋದ ದಿನ ಮಧ್ಯಾಹ್ನ, ಇಲ್ಲಿ ನಾನು ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದೆ. ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತಿದ್ದೆ. ಬೆರಳ ಕೆಳಗೆ ಏನೋ ಮಿಡಿಯಿತು. ಇಂಜಿನ್ನಿನ ನಡುಕವೆಂದುಕೊಂಡೆ. ಸಿಗ್ನಲ್ಲಿನಲ್ಲಿ ಡ್ರೈವರ್ ಇಂಜಿನ್ ಆರಿಸಿದ. ಮಿಡಿತ ನಿಲ್ಲಲಿಲ್ಲ. ಒಂದು ತಪ್ಪಿತು, ಮುಂದಿನದು ಜೋರಾಗಿ ಬಂತು. ನನಗೆ ಆ ನಾಡಿ ಚೆನ್ನಾಗಿ ಗೊತ್ತು. ಅದು ನಿಧಾನವಾಗುತ್ತಾ ಹೋಯಿತು. ಪಕ್ಕದ ಬಂಗಾಳಿ ಹೆಂಗಸು ನನ್ನ ಮುಖ ನೋಡಿ, ಮೈ ಸರಿಯಿಲ್ಲವೇ ಎಂದು ವಿಚಾರಿಸಿದಳು. ಅಷ್ಟರಲ್ಲಿ ನನ್ನ ಸ್ಟಾಪ್ ಬಂತು. ಕಂಬಿ ಬಿಟ್ಟು ಇಳಿದೆ.

ಇಳಿದವಳೇ ಅವರಿಗೆ ಫೋನು ಮಾಡಿದೆ, ಸಿಗಲಿಲ್ಲ. ಸಂಜೆ ಭಟ್ಟರೇ ಮಾಡಿದರು. ಸರೋವರದ ಬಳಿ ಕುಸಿದವರನ್ನು ಕಾರಿನಲ್ಲಿ ಕೆಳಗೆ ತರುತ್ತಿದ್ದರಂತೆ, ಆಸ್ಪತ್ರೆ ಮುಟ್ಟಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಭಟ್ಟರು ಮನೆಗೆ ಬಂದರು. ನಾನು ಬಸ್ಸಿನ ವಿಷಯ ಯಾರಿಗೂ ಹೇಳಿರಲಿಲ್ಲ. ಅವರು ತಲೆ ತಗ್ಗಿಸಿಕೊಂಡೇ ಹೇಳಿದರು:

"ಕಾರಿನಲ್ಲಿ ಎಡಗೈ ಚಾಚಿಕೊಂಡೇ ಇದ್ರು ಅಕ್ಕಾ. ಚಳಿ ಅಂತ ನಾನು ಶಾಲಿನ ಒಳಗೆ ಇಡ್ಲಿಕ್ಕೆ ಹೋದ್ರೆ, 'ಬೇಡ, ಅವಳು ನಾಡಿ ನೋಡ್ತಿದಾಳೆ' ಅಂದ್ರು. ಆಮೇಲೆ 'ಬಿಟ್ಟುಬಿಟ್ಟಳು' ಅಂದ್ರು. ಮತ್ತೆ ಮಾತಾಡ್ಲಿಲ್ಲ."

ಮಾತ್ರೆಯಿಂದ ಹೀಗಾಯಿತೋ, ಎತ್ತರದಿಂದಲೋ, ಖಚಿತವಾಗಿ ಹೇಳಲಾರೆ ಎಂದರು ವೈದ್ಯರು. ಉಳಿದದ್ದನ್ನು ನಾನು ಅವರಲ್ಲಿ ಕೇಳಲಿಲ್ಲ. ಸ್ಟಾಪ್ ಬಂದರೂ ಇಳಿಯದೆ, ಡಿಪೋವರೆಗೂ ಹಾಗೇ ಹಿಡಿದುಕೊಂಡು ಕುಳಿತಿದ್ದರೆ ಏನಾಗುತ್ತಿತ್ತೋ, ನನಗೆ ಇಂದಿಗೂ ತಿಳಿಯದು.