ಪುಸ್ತಕಕ್ಕೂ ಒಂದು ಹೇಳಿಕೆ

ಐದೂವರೆಗೆ ಎದ್ದೆ. ನೀರುದೋಸೆ ಹೊಯ್ದೆ. ಬಟ್ಟೆ ಒಗೆದು ಹರವಿದೆ. ಇವರ ಜೊತೆ ಬಂಟ್ವಾಳದಿಂದ ಬಸ್ಸು ಹತ್ತಿ, ಹತ್ತೂವರೆಗೆ ಬೆಳ್ತಂಗಡಿ ತಲುಪಿದೆ. ಮಗಳ ಮದುವೆಯ ಮೊದಲ ಕಾಗದ ಇವರ ಅಕ್ಕನಿಗೆ. ಸೋದರತ್ತೆಯೇ ಬಾರದೆ ಮದುವೆ ಹೇಗೆ?

ಚೀಲದಲ್ಲಿ ಇನ್ನೊಂದು ವಸ್ತುವೂ ಇತ್ತು: ಎರಡು ತಿಂಗಳ ಹಿಂದೆ ಮೂಡುಬಿದಿರೆಯಲ್ಲಿ ಬಿಡುಗಡೆಯಾದ ನನ್ನ ಮೊದಲ ಕಥಾಸಂಕಲನ. ನೆಂಟರಲ್ಲಿ ಯಾರಿಗೂ ಹೇಳಿರಲಿಲ್ಲ. ನನ್ನ ಪುಸ್ತಕವನ್ನು ನಾನೇ ಹೇಗೆ ಹೊಗಳುವುದು? ವಾಟ್ಸಾಪ್ ಸ್ಟೇಟಸ್ಸಿಗೆ ಮುಖಪುಟ ಹಾಕಿ ಐದೇ ನಿಮಿಷದಲ್ಲಿ ಅಳಿಸಿದವಳು ನಾನು. (ನೋಡಿದ್ದು ಮೂವರು. ಅವರಲ್ಲಿ ಒಬ್ಬರು ಗ್ಯಾಸ್ ಸಿಲಿಂಡರಿನವರು.)

ಅತ್ತಿಗೆ ಜಗಲಿಯಲ್ಲಿ ನೆರೆಮನೆಯ ನಾಲ್ವರ ಜೊತೆ ಬೀಡಿ ಕಟ್ಟುತ್ತಿದ್ದರು. ಕಾಗದ ಚಾಚಿದೆ. ಅವರು ಕೈ ನೀಡಲಿಲ್ಲ.

"ಮದುವೆಗೆ ಹೇಳಿಕೆ ಉಂಟು. ಪುಸ್ತಕಕ್ಕೆ ಇಲ್ವಾ?"

(ಹೇಳಿಕೆ ಎಂದರೆ ಮನೆಗೇ ಬಂದು ಬಾಯಾರೆ ಕರೆಯುವುದು. ಅದು ತಪ್ಪಿದರೆ ನಮ್ಮ ಕಡೆ ಸಂಬಂಧವೇ ಕೆಡುತ್ತದೆ.)

"ನಾಚಿಕೆ, ಅತ್ತಿಗೆ" ಎಂದೆ.

"ನಾಚಿಕೆ ಅಲ್ಲ ಮಾರಾಯ್ತಿ, ಜಂಬ! ಬೀಡಿ ಕಟ್ಟುವವರಿಗೆ ಕಥೆ ಯಾಕೆ ಅಂತ ಅಲ್ವಾ? ಮೊದಲು ಅದರ ಹೇಳಿಕೆ ಆಗ್ಲಿ. ಕಾಗದ ಆಮೇಲೆ ತಕ್ಕೊಳ್ತೇನೆ."

ಇವರು ಚಹಾದ ಲೋಟದೊಳಗೆ ಮುಖ ಮುಳುಗಿಸಿದರು.

ಪಕ್ಕದ ಮನೆಯ ಮೈಮುನಾ ಕತ್ತರಿ ಕೆಳಗಿಟ್ಟಳು. "ಅಕ್ಕಾ, ಎಂಟನೇ ಕಥೆಯ ಅಜ್ಜಿಯನ್ನು ಯಾಕೆ ಅಷ್ಟು ಬೇಗ ಸಾಯಿಸಿದ್ದು? ಆ ದಿನ ನನಗೆ ಕೈಯೇ ಓಡ್ಲಿಲ್ಲ."

ಸುದ್ದಿ ಮುಟ್ಟಿಸಿದ್ದು ಇವರೇ ಅಂತೆ. ಅತ್ತಿಗೆ ಮೂಡುಬಿದಿರೆಯಿಂದ ಪುಸ್ತಕ ತರಿಸಿದ್ದರಂತೆ. ದಿನಕ್ಕೊಂದು ಕಥೆ ಗಟ್ಟಿಯಾಗಿ ಓದುವುದು ಅವರು. ಅಷ್ಟು ಹೊತ್ತು ಅವರ ಪಾಲಿನ ಬೀಡಿಯನ್ನೂ ಕಟ್ಟುವುದು ಉಳಿದ ನಾಲ್ವರು. ನನ್ನ ಒಂದೊಂದು ಪುಟಕ್ಕೆ ಎಷ್ಟು ಬೆರಳು ದುಡಿದಿವೆ! ಬರೆಯುವಾಗ ನಾನೂ ಅಷ್ಟು ದುಡಿದಿರಲಿಲ್ಲ. ಇಂಥವರಿಂದಲೇ ಪುಸ್ತಕ ಬಚ್ಚಿಟ್ಟು ಕೂತಿದ್ದೆನೇ?

ಎದ್ದು ನಿಂತೆ. ಚೀಲದಿಂದ ಪುಸ್ತಕ ತೆಗೆದು, ಮದುವೆ ಕಾಗದದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದೆ.

"ನಾನೊಂದು ಪುಸ್ತಕ ಬರೆದಿದ್ದೇನೆ. ಹದಿಮೂರು ಕಥೆ ಉಂಟು."

"ಹೇಗೆ ಉಂಟು?" ಅತ್ತಿಗೆ ಬಿಡಲಿಲ್ಲ.

ಬೆವರಿದೆ. "ಲಾಯ್ಕ... ಲಾಯ್ಕ ಉಂಟು. ಮನೆಯವರೆಲ್ಲ ಓದಬೇಕು."

"ಹಾಂ. ಈಗ ಕೊಡು ಕಾಗದ."

ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಪುಳಿಮುಂಚಿ. ಉಂಡು ಚಾಪೆಗೆ ಒರಗಿದವರಲ್ಲಿ ಮೊದಲು ನಿದ್ದೆ ಹೋದದ್ದು ಇವರು. ಆಮೇಲೆ ಅತ್ತಿಗೆ. ನನಗೆ ನಿದ್ದೆಯೇ ಹತ್ತಲಿಲ್ಲ. ನಾಲ್ಕು ವರ್ಷದಿಂದ ಪ್ರತಿ ವಾರ ಈ ಅಂಕಣದಲ್ಲಿ ನನ್ನನ್ನು ಓದುತ್ತಿರುವ ನಿಮಗೇ ಇನ್ನೂ ಹೇಳಿಕೆ ಆಗಿಲ್ಲವಲ್ಲ!

ನಾನೊಂದು ಪುಸ್ತಕ ಬರೆದಿದ್ದೇನೆ, ನೀವೂ ಓದಬೇಕು.