ಅಣ್ಣ ತಂದ ಕಡಲು

ಅಣ್ಣನ ಉಗುರಿನ ಸಂದಿಯಲ್ಲಿ ಸದಾ ಸುಣ್ಣದ ಬಿಳುಪು ಇರುತ್ತಿತ್ತು. ಕೊನೆಯ ಸಲ ಊರಿಗೆ ಬಂದು ಹೊರಟ ದಿನವೂ ಅದೇ ಬೆರಳಲ್ಲಿ ಮುದ್ದೆ ಮುರಿದು, ಬಸ್ಸಾರಿಗೆ ಉಪ್ಪು ಸಾಲದೆಂದು ಅವ್ವನನ್ನು ರೇಗಿಸಿ, ತೆರಕಣಾಂಬಿಯಲ್ಲಿ ಚಾಮರಾಜನಗರದ ಬಸ್ಸು ಹತ್ತಿದ. ಆ ದಿನ ಬೇರೇನೂ ನಡೆಯಲಿಲ್ಲ.

ಐವತ್ತರ ದಶಕದ ಆ ವರ್ಷಗಳಲ್ಲಿ ಅವನು ಸತ್ಯಮಂಗಲದ ಘಾಟಿ ಇಳಿದು, ತಿರುಚಿನಾಪಳ್ಳಿಯ ಆಚೆ ಸುಣ್ಣದ ಕಲ್ಲಿನ ಗಣಿಗೆ ಕೂಲಿಗೆ ಹೋಗುತ್ತಿದ್ದ. ಅಲ್ಲಿ ನೆಲದೊಳಗೆ ಒಬ್ಬಟ್ಟು ಪೇರಿಸಿದ ಹಾಗೆ ಕಲ್ಲಿನ ಪದರಗಳಿದ್ದವಂತೆ. ನಡುನಡುವೆ ಕಲ್ಲಾಗಿ ಹೋದ ಚಿಪ್ಪು, ಶಂಖ, ಮೀನಿನ ಹಲ್ಲು.

“ಅಗೆದ್ರೆ ಕಡ್ಲು ಸಿಕ್ತದೆ ಕಣಮ್ಮಿ,” ಎನ್ನುತ್ತಿದ್ದ.

“ನೀರೆಲ್ಲಿಗೆ ಓಯ್ತು ಮತ್ತೆ?” ನಾನು ಕೇಳುತ್ತಿದ್ದೆ.

“ನಾ ಉಟ್ಟೊತ್ಗೇ ಓಗಾಗಿತ್ತು. ನನ್ನ ಕೇಳುದ್ರೆ?”

ಒಮ್ಮೆ ಅಂಗೈಯಗಲದ ಕಲ್ಲೊಂದನ್ನು ತಂದ. ಅದರ ಮೈಮೇಲೆ ಟಗರಿನ ಕೊಂಬಿನಂತೆ ಸುತ್ತಿಕೊಂಡ ಚಿಪ್ಪು. ಅವ್ವ ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟು ಅರಿಶಿನ ಬಳಿದಳು. ಅಣ್ಣ ನಕ್ಕ.

“ಅದು ಉಳದ ಮನೆ ಕಣವ್ವ. ಅರಿಸಿನ ಬಳುದ್ರೆ ದೇವ್ರಾಯ್ತದಾ?”

“ಸುಮ್ಕಿರ್ಲಾ. ಇಂಥಾ ಕಲ್ಲಿನ ಬುಡ್ದಲ್ಲೇ ನೀ ಕೆಲ್ಸ ಮಾಡದು. ನಿನ್ನ ಕಾಯ್ಲಿ.”

ಆ ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ. ಅವನ ಜೊತೆ ದುಡಿಯುತ್ತಿದ್ದ ಉಮ್ಮತ್ತೂರಿನವರೊಬ್ಬರು ಸುದ್ದಿ ತಂದರು. ಮೇಲಿನ ಪದರ ಜಾರಿ ಅವನ ಮೇಲೆ ಬಿತ್ತಂತೆ. ಸಂಜೆಯೇ ಅಲ್ಲೇ ಹತ್ತಿರದಲ್ಲಿ ಮಣ್ಣು ಮಾಡಿದರಂತೆ. ಗುರುತಿಗೆ ಏನಿದೆ ಎಂದು ಕೇಳಿದರೆ, ಗಣಿ ಆ ಕಡೆಗೇ ಬೆಳೆಯುತ್ತಿದೆ, ಗುರುತು ಉಳಿಯದು ಎಂದು ತಲೆ ತಗ್ಗಿಸಿದರು.

ಅಪ್ಪ ಇಲ್ಲದ ಮನೆ. ಚಿಕ್ಕಪ್ಪ ಹೊಲದ ಬದಿಯಲ್ಲಿ ಗುಂಡಿ ತೋಡಿಸಿದರು. ಮೈ ಸಿಗದ ಮೇಲೆ ಅವನು ಸತ್ತ ನೆಲದ್ದೇನಾದರೂ ಇಟ್ಟು ಮುಚ್ಚಬೇಕು ಎಂದರು. ಆ ನೆಲದ್ದೆಂದು ನಮ್ಮಲ್ಲಿದ್ದುದು ಗೂಡಿನ ಕಲ್ಲೊಂದೇ.

“ದೇವ್ರ ಊತಾಕದಾ?” ಅವ್ವ ಅದನ್ನು ಮಡಿಲಲ್ಲಿ ಹಿಡಿದು ಕೂತುಬಿಟ್ಟಳು.

“ಉಡ್ಗ ಪರದೇಸಿ ಆಗೋಗ್ಲಾ ಅತ್ಗೆ?” ಎಂದರು ಚಿಕ್ಕಪ್ಪ.

ಆ ಕಲ್ಲು ದೇವರಾಗಿದ್ದರೆ ಅವನನ್ನು ಕಾಯಬೇಕಿತ್ತು. ಬರೀ ಕಲ್ಲಾದರೆ ಅವ್ವ ಯಾಕೆ ಅದನ್ನು ಹಾಗೆ ಅವುಚಿಕೊಂಡಿದ್ದಳೋ. ಕೊನೆಗೆ ಹೇಳಿದೆ: “ಅಣ್ಣ ಅದ ಉಳದ ಮನೆ ಅಂದಿದ್ದ ಕಣವ್ವ.”

ಅವ್ವ ಸೆರಗಿನ ತುದಿಯಿಂದ ಅರಿಶಿನವನ್ನು ಉಜ್ಜಿ ಉಜ್ಜಿ ಒರೆಸಿದಳು. ಚಿಪ್ಪಿನ ಸುತ್ತುಗಳು ಅಣ್ಣ ತಂದ ದಿನದಂತೆಯೇ ಕಂಡವು. ಆಮೇಲೆ ಕಲ್ಲನ್ನು ಚಿಕ್ಕಪ್ಪನ ಕೈಗೆ ಕೊಟ್ಟಳು.

ಹೊಲದ ಬದಿಯಲ್ಲಿ ಪ್ರತಿ ವರ್ಷ ಎಡೆ ಇಡುತ್ತೇವೆ. ಗೂಡಿನಲ್ಲಿ ಆ ಕಲ್ಲಿದ್ದ ಜಾಗದಲ್ಲಿ ಬೇರೇನನ್ನೂ ಇಡಲು ಅವ್ವ ಬಿಟ್ಟಿಲ್ಲ. ಯಾವ ಕಡೆ ನಿಂತು ಕೈ ಮುಗಿಯಬೇಕೆಂದು ನನಗೆ ಈಗಲೂ ಗೊಂದಲ. ಅಣ್ಣನನ್ನು ಮಣ್ಣು ಮಾಡಿದ ಜಾಗ ಯಾವುದೆಂದು ನಮಗೆ ಗೊತ್ತಿಲ್ಲ.